ಎರಡು ಗಂಟೆಯ ಗಾಳಿ

ಫೆಬ್ರವರಿ 4, ಮಂಗಳವಾರ

ಇವತ್ತಿನಿಂದ ಬರೆಯಲು ಶುರು ಮಾಡಿದ್ದೇನೆ. ಕಾರಣ ಅಮ್ಮ. "ಒಬ್ಬಳೇ ಗೊಣಗ್ತಾ ಓಡಾಡ್ತೀಯಲ್ಲೇ, ನೋಡಿದವರು ಏನಂದ್ಕೋಬೇಕು? ಅದನ್ನೆಲ್ಲ ಬರೆದಾದ್ರೂ ಇಡು," ಎಂದಳು. ಮದುವೆಯಾಗಿದ್ದರೆ ಗಂಡನ ತಲೆ ತಿನ್ನುತ್ತಿದ್ದೆ. ಆಗಲಿಲ್ಲವಾದ್ದರಿಂದ ಕಾಗದದ ತಲೆ ತಿನ್ನುತ್ತೇನೆ.

ಇವತ್ತಿನ ಗೊಣಗಾಟ ಕೊಳವೆಯದು. ನಮ್ಮ ಕಚೇರಿಯ ಛಾವಣಿಯ ಮೇಲೆ ತಗಡಿನ ಗೂಡಿನೊಳಗೆ ಗಾಳಿ ಅಳೆಯುವ ಯಂತ್ರವಿದೆ. ಹಳೆಯದು, ಹಟಮಾರಿ, ಆದರೆ ಸುಳ್ಳು ಹೇಳುವುದಿಲ್ಲ. ನಾನಿಟ್ಟ ಹೆಸರು ಅಜ್ಜಿ. ಊರಿನ ಗಾಳಿಯಲ್ಲಿ ಗಂಧಕದ ಹೊಗೆ ಎಷ್ಟಿದೆಯೆಂದು ಗಂಟೆಗೊಮ್ಮೆ ಹೇಳುವುದು ಅಜ್ಜಿಯ ಕೆಲಸ, ಅಜ್ಜಿಯ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ನನ್ನ ಕೆಲಸ. ದಿನಾ ಮಧ್ಯಾಹ್ನ ಎರಡಕ್ಕೆ ಮೇಲೆ ಹೋಗಿ ಅಜ್ಜಿಗೆ ಹೊರಗಿನ ಗಾಳಿ ಬಂದ್ ಮಾಡುತ್ತೇನೆ. ಮೊದಲು ಒಂದು ಸಿಲಿಂಡರಿನಿಂದ ಶುದ್ಧ ಗಾಳಿ ಕೊಟ್ಟು ಸೊನ್ನೆ ತೋರಿಸುತ್ತಾಳೆಯೇ ನೋಡುತ್ತೇನೆ. ಆಮೇಲೆ ಇನ್ನೊಂದರಿಂದ ಗಂಧಕದ ಅನಿಲ, ಎಷ್ಟಿದೆಯೆಂದು ಮೊದಲೇ ಗೊತ್ತಿರುವಂಥದು. ಅಷ್ಟನ್ನೇ ಹೇಳಿದರೆ ಅಜ್ಜಿಯ ತಲೆ ನೆಟ್ಟಗಿದೆ ಎಂದರ್ಥ. ಮೂರಕ್ಕೆ ಮತ್ತೆ ಹೊರಗಿನ ಗಾಳಿ ಬಿಡುತ್ತೇನೆ. ನಡುವಿನ ಆ ಒಂದು ಗಂಟೆ ಊರಿನ ಗಾಳಿ ಹೇಗಿತ್ತೆಂಬುದು ಅಜ್ಜಿಗೆ ಗೊತ್ತಿರುವುದಿಲ್ಲ.

ಆ ಅನಿಲದ ಕೊಳವೆ ಸೋರುತ್ತಿದೆ. ಕೆಲಸ ಶುರು ಮಾಡಿ ಸ್ವಲ್ಪ ಹೊತ್ತಾಗುವುದೇ ತಡ, ಬೆಂಕಿಕಡ್ಡಿ ಗೀರಿದ ವಾಸನೆ ಬರುತ್ತದೆ. ಟೇಪು ಸುತ್ತಿ ಸುತ್ತಿ ಅದು ಬ್ಯಾಂಡೇಜು ಕಟ್ಟಿದ ಕಾಲಿನಂತಾಗಿದೆ. ಹೊಸದು ಬೇಕೆಂದು ಉಗ್ರಾಣಕ್ಕೆ ಬರೆದುಕೊಟ್ಟು ಎಷ್ಟೋ ತಿಂಗಳಾಯಿತು. ಉಗ್ರಾಣದವನು ಪ್ರತಿ ಸಲ ಮುಂದಿನ ವಾರ ಎನ್ನುತ್ತಾನೆ. ಆ ವಾರ ಬರುವ ಹೊತ್ತಿಗೆ ನಾನು ನಿವೃತ್ತಳಾಗಿರುತ್ತೇನೆ.

ಗಂಟಲು ಕೆರೆಯುತ್ತಿದೆ. ಕಡತಗಳ ಧೂಳು.

ಫೆಬ್ರವರಿ 6, ಗುರುವಾರ

ಆಚೆಯವನು ಮೂಗು ತೂರಿಸಿದ್ದಾನೆ.

ಹೋದ ವರ್ಷದಿಂದ ನಮ್ಮ ದೇಶ, ನದಿಯಾಚೆಯ ದೇಶ, ಅದರ ಪಕ್ಕದ ದೇಶ, ಮೂರೂ ತಮ್ಮ ಯಂತ್ರಗಳ ಅಂಕಿಗಳನ್ನು ಒಂದೇ ಜಾಲತಾಣದಲ್ಲಿ ಹಾಕುತ್ತವೆ. ನಕ್ಷೆಯ ತುಂಬ ಚುಕ್ಕೆಗಳು. ಯಾವ ಚುಕ್ಕೆಯನ್ನು ಒತ್ತಿದರೂ ಗಂಟೆಗೊಂದರಂತೆ ಮನೆಗಳು, ಮನೆಗೊಂದು ಅಂಕಿ. ಶಾಲೆಯ ಮಕ್ಕಳಿಂದ ಮಂತ್ರಿಗಳವರೆಗೆ ಯಾರು ಬೇಕಾದರೂ ನೋಡಬಹುದು. ಕೆಳಗೆ ಟಿಪ್ಪಣಿಗೆ ಒಂದಿಷ್ಟು ಜಾಗ, ಅದನ್ನು ಯಂತ್ರ ನೋಡಿಕೊಳ್ಳುವವರು ಮಾತ್ರ ಬರೆಯಬಹುದು. ನಾನು ಅಲ್ಲಿ "ಕೊಳವೆ ಸೋರಿಕೆ" ಎಂದು ಬರೆದು ಬರೆದು ಸುಸ್ತಾಗಿದ್ದೇನೆ. ನದಿಯಾಚೆ, ನಮ್ಮ ನೇರ ಎದುರಿನ ಚುಕ್ಕೆಯವನು ಹೆಚ್ಚು ಮಾತಿನವನಲ್ಲ. ಅವನಿಗೊಂದು ಸಣ್ಣ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಗಂಟು ಮುಖ ಇರಬೇಕೆಂದು ನಾನು ಅಂದುಕೊಂಡಿದ್ದೇನೆ.

ಇವತ್ತು ಅವನು ಬರೆದದ್ದು ಇಷ್ಟು, ನಮ್ಮಿಬ್ಬರಿಗೂ ಅರೆಬರೆ ಬರುವ ಭಾಷೆಯಲ್ಲಿ: "ನಿಮ್ಮ ಎರಡು ಗಂಟೆಯ ಮನೆ ದಿನಾ ಖಾಲಿ. ಗಾಳಿ ನಿಮ್ಮ ಕಡೆಯಿಂದ ಬೀಸಿದ ದಿನಗಳಲ್ಲಿ ನಮ್ಮ ಎರಡು ಗಂಟೆಯ ಅಂಕಿಯೇ ಎಲ್ಲಕ್ಕಿಂತ ಹೆಚ್ಚು. ಪರೀಕ್ಷೆಯ ಸಮಯ ಬದಲಿಸಬಹುದೇ?"

ಬಾಯಿ ತೆರೆದರೆ ನಮ್ಮ ಮೇಲೇ! ಈ ಊರಿನಲ್ಲಿ ಒಣಹಾಕಿದ ಬಟ್ಟೆ ಹಳದಿಯಾದರೆ ಆಚೆ ಗಾಳಿ, ಗಿಡದ ಎಲೆ ಸುಟ್ಟರೆ ಆಚೆ ಗಾಳಿ, ಮಗು ಅತ್ತರೆ ಆಚೆ ಗಾಳಿ. ಅವರ ಹೊಗೆಯನ್ನು ಇಷ್ಟು ವರ್ಷ ಹೊಟ್ಟೆಗೆ ಹಾಕಿಕೊಂಡವರು ನಾವು.

ಸಾಹೇಬರಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ಓದಿದರು.

"ಉತ್ತರ ಕೊಡ್ಬೇಡಿ ಮೇಡಂ. ಉತ್ತರ ಕೊಟ್ರೆ ಇನ್ನೊಂದು ಪ್ರಶ್ನೆ ಬರುತ್ತೆ."

ಇಷ್ಟು ವರ್ಷಗಳಲ್ಲಿ ಸಾಹೇಬರ ಮಾತೊಂದು ನನಗೆ ಒಪ್ಪಿಗೆಯಾದದ್ದು ಇದೇ ಮೊದಲು.

ಫೆಬ್ರವರಿ 9, ಭಾನುವಾರ

ತಮ್ಮ ಮತ್ತು ಅವನ ಹೆಂಡತಿ ಊಟಕ್ಕೆ ಬಂದಿದ್ದರು. ಭಾನುವಾರ ಅಮ್ಮನಿಗೆ ಹಬ್ಬ. ಬೆಳಗ್ಗೆಯಿಂದಲೇ ಬಾಗಿಲ ಕಡೆ ನೋಡುತ್ತಿರುತ್ತಾಳೆ.

ತಮ್ಮ ನನಗಿಂತ ಬಹಳ ಚಿಕ್ಕವನು. ಅಪ್ಪ ಹೋದಾಗ ಅವನಿನ್ನೂ ಶೂ ಲೇಸು ಕಟ್ಟಲು ಬಾರದ ಹುಡುಗ. ಓದಿಸಿದವಳು, ಹೊಡೆದವಳು, ಹೊಡೆದು ಅತ್ತವಳು ಎಲ್ಲಾ ನಾನೇ. ಈಗ ರೈಲ್ವೆ ಗೂಡ್ಸ್ ಯಾರ್ಡಿನ ಹಿಂದಿರುವ ಲೋಹದ ಕಾರ್ಖಾನೆಯಲ್ಲಿ ಹಗಲು ಪಾಳಿಯ ಮೇಲ್ವಿಚಾರಕ. ಅಲ್ಲಿಯೇ ಕ್ವಾರ್ಟರ್ಸ್ ಕೊಟ್ಟಿದ್ದಾರೆ. ಅವನ ಕೆಲಸ ಕಾಯಂ ಆದ ದಿನ ನಾನು ಬಸ್ಸಿನಲ್ಲಿ ಅಪರಿಚಿತರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಊಟಕ್ಕೆ ಕೂತಾಗ ಆಚೆಯವನ ಟಿಪ್ಪಣಿಯ ಕಥೆಯನ್ನು ಮೀಸೆಯ ಸಮೇತ ನಗೆಚಾಟಿಕೆಯಾಗಿ ಹೇಳಿದೆ. ಅಮ್ಮ, ತಮ್ಮನ ಹೆಂಡತಿ ನಕ್ಕರು. ತಮ್ಮನ ಕೈ ತಟ್ಟೆಯಲ್ಲೇ ನಿಂತಿತು.

"ಎರಡು ಗಂಟೆ ಬಗ್ಗೆ ಕೇಳಿದ್ನಾ? ನೀನೇನಂದೆ?"

"ನಾನೇನನ್ಲಿ? ಸಾಹೇಬರು ಸುಮ್ನಿರಿ ಅಂದ್ರು, ಸುಮ್ನಿದ್ದೀನಿ."

"ಒಳ್ಳೇದಾಯ್ತು ಬಿಡು. ಅವರಿಗ್ಯಾಕೆ ನಮ್ಮೂರ ಉಸಾಬರಿ."

"ಅತ್ತಿಗೆ, ಈ ಕೆಮ್ಮು ಹೋಗೇ ಇಲ್ವಲ್ಲ ನಿಮಗೆ," ಎಂದಳು ತಮ್ಮನ ಹೆಂಡತಿ. ನಕ್ಕದ್ದರಿಂದ ನೆತ್ತಿಗೆ ಹತ್ತಿತ್ತು, ಅಷ್ಟೆ. ತಮ್ಮ ನೀರು ತಂದುಕೊಟ್ಟ. "ಡಾಕ್ಟರಿಗೆ ತೋರ್ಸಬಾರ್ದೇನಕ್ಕ?" ಎಂದ. ಎರಡನೇ ಸಲ ಬಡಿಸಿಕೊಳ್ಳಲಿಲ್ಲ, ಬೇಗ ಹೊರಟ. ಸೊರಗಿದ್ದಾನೆ. ಆ ಕಾರ್ಖಾನೆಯವರು ಹುಡುಗನನ್ನು ಅರೆಯುತ್ತಿದ್ದಾರೆ.

ಫೆಬ್ರವರಿ 13, ಗುರುವಾರ

ಮೇಲೆ ಹತ್ತುವಾಗ ಅರ್ಧ ಮೆಟ್ಟಿಲಲ್ಲಿ ಸಿಗುವ ನೀರಿನ ಟ್ಯಾಂಕಿನ ಹತ್ತಿರ ನಿಂತು ಪಾರಿವಾಳ ನೋಡುವುದು ರೂಢಿಯಾಗಿದೆ. ಮೊದಲು ಇವುಗಳ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ವಯಸ್ಸಾದ ಮೇಲೆ ಇಂಥವೆಲ್ಲ ಚೆಂದ ಕಾಣಿಸುತ್ತವೆ.

ಕೊಳವೆಗೆ ಇನ್ನೊಂದು ಸುತ್ತು ಟೇಪು.

ಫೆಬ್ರವರಿ 17, ಸೋಮವಾರ

ಆಚೆಯವನು ಬಿಡುವ ಪೈಕಿಯಲ್ಲ. ಇವತ್ತಿನ ಟಿಪ್ಪಣಿ: "ನಮ್ಮ ಯಂತ್ರ ಶಾಲೆಯ ಅಂಗಳದಲ್ಲಿದೆ. ಗಾಳಿ ಈ ಕಡೆ ತಿರುಗಿದ ದಿನ ಎರಡು ಗಂಟೆಗೆ ಮಕ್ಕಳನ್ನೆಲ್ಲ ಒಳಗೆ ಕರೆದು ಕಿಟಕಿ ಹಾಕುತ್ತೇವೆ. ಮೂರಕ್ಕೆ ಮತ್ತೆ ಆಟಕ್ಕೆ ಬಿಡುತ್ತೇವೆ. ನೀವೂ ಆ ಹೊತ್ತಿನಲ್ಲಿ ಒಳಗೇ ಇರುತ್ತೀರೆಂದು ನಂಬಿದ್ದೇನೆ."

ಓದಿ ಮೈ ಉರಿಯಿತು. ಇವನ ಮಾತಿನ ಪ್ರಕಾರ ನಮ್ಮೂರು ವಿಷದ ಮಡು! ಆ ಹೊತ್ತಿನಲ್ಲಿ ನಾನು ದಿನಾ ಛಾವಣಿಯ ಮೇಲೆಯೇ ನಿಂತಿರುತ್ತೇನೆ. ಏನಾಗಿದೆ ನನಗೆ? ಕಲ್ಲಿನ ಹಾಗಿದ್ದೇನೆ.

ಸುಮ್ಮನಿದ್ದರೆ ಒಪ್ಪಿಕೊಂಡ ಹಾಗಾಗುತ್ತದೆ. ಆದ್ದರಿಂದ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ನಾಳೆಯಿಂದ ಒಂದು ವಾರ ಸೊನ್ನೆ ನೋಡುವ ಕೆಲಸವನ್ನು ಬೆಳಗ್ಗೆ ಹತ್ತಕ್ಕೆ ಮಾಡುತ್ತೇನೆ. ಎರಡು ಗಂಟೆಯ ಮನೆಯಲ್ಲೂ ಅಂಕಿ ಬರಲಿ. ಮೂರೂ ದೇಶದವರು ನೋಡಲಿ. ನೋಡಿ ಆಚೆಯವನು ಬಾಯಿ ಮುಚ್ಚಿಕೊಳ್ಳಲಿ. ಸಮಯ ನಿಗದಿ ಮಾಡುವುದು ನನಗೆ ಬಿಟ್ಟ ವಿಷಯ, ಸಾಹೇಬರನ್ನು ಕೇಳಬೇಕಾಗಿಲ್ಲ.

ಗಂಟಲಿನ ಗುಳಿಗೆಯ ಡಬ್ಬಿ ಮುಗಿದಿದೆ. ನಾಳೆ ತರಬೇಕು.

ಫೆಬ್ರವರಿ 18, ಮಂಗಳವಾರ

ಹತ್ತಕ್ಕೆ ಮೇಲೆ ಹೋಗಿ ಸೊನ್ನೆ ನೋಡಿದೆ. ಅಜ್ಜಿ ಮುತ್ತಿನಂಥ ಸೊನ್ನೆ ತೋರಿಸಿದಳು. ಅನಿಲ ಬಿಟ್ಟೆ, ಅದಕ್ಕೂ ಸರಿಯಾದ ಉತ್ತರ ಕೊಟ್ಟಳು. ಆಶ್ಚರ್ಯವೆಂದರೆ ವಾಸನೆಯೇ ಇಲ್ಲ. ಹೋದ ವಾರ ಸುತ್ತಿದ ಟೇಪು ಕೊನೆಗೂ ಹಿಡಿದಿರಬೇಕು.

ಎರಡಕ್ಕೆ ಕೆಳಗೆ ನನ್ನ ಮೇಜಿನಲ್ಲಿ ಪರದೆ ನೋಡುತ್ತ ಕೂತೆ. ಟೀ ತರಿಸಿದ್ದೆ. ಎರಡು ಗಂಟೆಯ ಮನೆಯಲ್ಲಿ ಅಂಕಿ ಬಂತು. ಟೀ ಹಾಗೇ ತಣ್ಣಗಾಯಿತು.

ನಾನು ಇಲ್ಲಿಗೆ ಬಂದ ಮೇಲೆ ಅಜ್ಜಿಯ ಬಾಯಿಂದ ಅಂಥ ಅಂಕಿ ಕೇಳಿಲ್ಲ. ಮೂರು ಗಂಟೆಯದು ಮತ್ತೆ ಎಂದಿನಂತೆ ಚಿಕ್ಕದು.

ಯಂತ್ರದ ದೋಷ. ಇನ್ನೇನು? ಅಂಕಿಗಳು ತಾವಾಗಿಯೇ ಜಾಲತಾಣಕ್ಕೆ ಹೋಗುತ್ತವೆ. ಆದರೆ ಸಂಜೆ ಕಚೇರಿ ಮುಚ್ಚುವವರೆಗೆ, ಅನುಮಾನ ಬಂದ ಅಂಕಿಗೆ "ಶಂಕಾಸ್ಪದ" ಎಂದು ಗುರುತು ಹಾಕುವ ಅಧಿಕಾರ ನನಗಿದೆ. ಹಾಕಿದರೆ ಆ ಮನೆ ಬೂದು ಬಣ್ಣಕ್ಕೆ ತಿರುಗುತ್ತದೆ, ಲೆಕ್ಕಕ್ಕೆ ಸೇರುವುದಿಲ್ಲ. ಹಾಕಿದ್ದನ್ನು ಬಿಡಿಸುವುದು ಮಾತ್ರ ಯಾವಾಗ ಬೇಕಾದರೂ ಆಗುತ್ತದೆ. ಗುರುತು ಹಾಕಿದೆ.

ಫೆಬ್ರವರಿ 19, ಬುಧವಾರ

ಎರಡು ಗಂಟೆಗೆ ಮತ್ತೆ ಅದೇ.

ಗುರುತು ಹಾಕಿದೆ. ಅಮ್ಮ ಮಾತಾಡಿಸಿದರೆ ಸಿಡುಕಿದೆ.

ಫೆಬ್ರವರಿ 20, ಗುರುವಾರ

ಅಜ್ಜಿಯನ್ನು ಪೂರ್ತಿ ಬಿಚ್ಚಿದೆ. ಧೂಳು ಸೋಸುವ ಜಾಳಿಗೆ ಬದಲಿಸಿದೆ, ಗಾಜು ಒರೆಸಿದೆ, ಬೆಳಗ್ಗೆ ಮತ್ತು ಮಧ್ಯಾಹ್ನ ಊಟದ ಹೊತ್ತಿಗೆ ಎರಡೆರಡು ಸಲ ಪರೀಕ್ಷಿಸಿದೆ. ಅವಳಲ್ಲಿ ಏನೂ ದೋಷವಿಲ್ಲ. ಎರಡಕ್ಕೆ ಅಂಕಿ ಏರಿತು, ಮೂರಕ್ಕೆ ಇಳಿಯಿತು. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತೆಂದು ನೋಡಿದೆ. ಗೂಡ್ಸ್ ಯಾರ್ಡಿನ ಕಡೆಯಿಂದ. ಅದರ ಹಿಂದೆ ಇರುವುದು ಒಂದೇ ಕಾರ್ಖಾನೆ.

ಆ ಭಾನುವಾರ ತಟ್ಟೆಯಲ್ಲಿ ನಿಂತ ತಮ್ಮನ ಕೈ ನೆನಪಾಯಿತು.

ಇವತ್ತೂ ಗುರುತು ಹಾಕಿದೆ. ಮೊನ್ನೆ, ನಿನ್ನೆ ಹಾಕಿದ್ದು ನಿಜವಾದ ಅನುಮಾನದಿಂದ. ಇವತ್ತಿನದು ಹಾಗಲ್ಲ. ಅದನ್ನು ಇಲ್ಲಿಯಾದರೂ ಬರೆಯಬೇಕು.

ಸಾಹೇಬರು ಬೂದು ಮನೆಗಳನ್ನು ನೋಡಿ ಖುಷಿಯಾಗಿದ್ದಾರೆ. "ಜಾಣತನ ಮಾಡಿದ್ರಿ ಮೇಡಂ. ಸೋಮವಾರದಿಂದ ಮತ್ತೆ ಎರಡು ಗಂಟೆಗೇ ಇಟ್ಕೊಳ್ಳಿ. ಯಾವ ತಲೆನೋವೂ ಇರಲ್ಲ."

ಫೆಬ್ರವರಿ 21, ಶುಕ್ರವಾರ

ಆಚೆಯವನ ಟಿಪ್ಪಣಿ: "ನಿಮ್ಮ ಎರಡು ಗಂಟೆಯ ಮನೆ ಬೂದು ಆಗಿದೆ. ಯಂತ್ರ ಕೆಟ್ಟಿದ್ದರೆ ಹೇಳಿ. ನಮ್ಮಲ್ಲಿ ಬಿಡಿಭಾಗಗಳಿವೆ, ಸೇತುವೆಯವರೆಗೆ ತಂದುಕೊಡುತ್ತೇನೆ. ಕೊಳವೆಯೂ ಇದೆ."

ಬೈದಿದ್ದರೆ ಒಳ್ಳೆಯದಿತ್ತು.

ಫೆಬ್ರವರಿ 23, ಭಾನುವಾರ

ತಮ್ಮ ಊಟಕ್ಕೆ ಬರಲಿಲ್ಲ. ಮೈ ಹುಷಾರಿಲ್ಲವೆಂದು ಫೋನು ಮಾಡಿಸಿದ. ಅಮ್ಮ ಡಬ್ಬಿ ಕಟ್ಟಿದಳು. ನಾನೇ ತೆಗೆದುಕೊಂಡು ಹೋದೆ. ಕ್ವಾರ್ಟರ್ಸಿನ ಗೋಡೆಗಳಿಗೆ ಹೊಸ ಬಣ್ಣ ಹೊಡೆದಿದ್ದಾರೆ. ಕಾರ್ಖಾನೆಯ ಕಡೆಯ ಗೋಡೆ ಆಗಲೇ ಮಾಸಿದೆ. ತಮ್ಮನ ಹೆಂಡತಿ ಬಾಗಿಲು ತೆಗೆದು, ನನ್ನ ಮುಖ ನೋಡಿ, ಡಬ್ಬಿ ಇಸಿದುಕೊಂಡು ಅಡುಗೆಮನೆಗೆ ಹೋದಳು. ತಮ್ಮ ಮಂಚದ ಮೇಲೆ ಕೂತಿದ್ದ. ಜ್ವರವಿರಲಿಲ್ಲ.

"ಎರಡು ಗಂಟೆಗೆ ಅಲ್ಲಿ ಏನು ಮಾಡ್ತೀರೋ ನೀವು?" ಎಂದು ನೇರವಾಗಿ ಕೇಳಿದೆ. ನನಗೆ ಸುತ್ತುಬಳಸು ಬರುವುದಿಲ್ಲ.

ಉಗುರು ನೋಡಿಕೊಳ್ಳುತ್ತ ಹೇಳಿದ. ಕುಲುಮೆಯ ಹೊಗೆಯನ್ನು ನೀರಿನಲ್ಲಿ ತೊಳೆದು ಹೊರಗೆ ಬಿಡುವ ಗೋಪುರ ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕೆಟ್ಟಿತು. ಬಿಡಿಭಾಗ ಬರುತ್ತದೆ, ಬರುತ್ತದೆ ಎನ್ನುತ್ತಾರೆ, ಬಂದಿಲ್ಲ. ದಿನಕ್ಕೊಮ್ಮೆ ಗೋಪುರ ನಿಲ್ಲಿಸಿ ಒಳಗಿನ ಕೆಸರು ತೆಗೆಯಲೇಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಕುಲುಮೆ ಮಾತ್ರ ಆರಿಸುವಂತಿಲ್ಲ. ಆ ಒಂದು ಗಂಟೆ ಹೊಗೆಯನ್ನು ತೊಳೆಯದೆ ಪಕ್ಕದ ಚಿಮಣಿಯಿಂದ ನೇರ ಬಿಡುತ್ತಾರೆ. ಕವಾಟ ತಿರುಗಿಸುವವನು ಹಗಲು ಪಾಳಿಯ ಮೇಲ್ವಿಚಾರಕ.

"ಎರಡು ಗಂಟೆಗೇ ಯಾಕೆ?"

"ಮ್ಯಾನೇಜರು ಜಾಲತಾಣ ತೆಗೆದು ತೋರಿಸಿದ್ರು. ಎಲ್ಲರಿಗೂ ಕಾಣುತ್ತಲ್ಲಕ್ಕ, ನಿನ್ನ ಆ ಖಾಲಿ ಮನೆ."

ಮುಖಕ್ಕೆ ಹೊಡೆದಂತಾಯಿತು. ನನ್ನ ಅಚ್ಚುಕಟ್ಟಿನ ಒಂದು ಗಂಟೆ! ಇಷ್ಟು ವರ್ಷ ಒಂದು ನಿಮಿಷವೂ ಆಚೀಚೆ ಆಗದಂತೆ ಸೊನ್ನೆ ನೋಡಿದ್ದೇನೆಂದು ಬೀಗುತ್ತಿದ್ದೆ. ಅದನ್ನೇ ನಂಬಿಕೊಂಡು ಅವರೂ ಕವಾಟ ತಿರುಗಿಸಿದ್ದಾರೆ.

"ನೀನು ಬೇಡ ಅನ್ಬಾರ್ದಿತ್ತೇನೋ?"

"ಅಂದೋನು ಪ್ಯಾಕಿಂಗ್ ವಿಭಾಗಕ್ಕೆ ಹೋದ. ಅವನ ಜಾಗಕ್ಕೇ ಅಲ್ವಾ ನಾನು ಬಂದಿದ್ದು." ಆಮೇಲೆ ನನ್ನ ಕೈ ಹಿಡಿದುಕೊಂಡ. "ಗುರುತು ಹಾಕ್ತಾ ಇರಕ್ಕ. ಬಿಡಿಭಾಗ ಬರೋವರೆಗೆ ಅಷ್ಟೆ. ಅಂಕಿ ಹೊರಗೆ ಬಂದ್ರೆ ಮ್ಯಾನೇಜರಿಗೇನಾಗಲ್ಲ. ಕವಾಟದ ಮೇಲೆ ಕೈ ಇಟ್ಟೋನು ನಾನು. ಕೆಲಸ ಹೋಗುತ್ತೆ, ಮನೆ ಹೋಗುತ್ತೆ."

ಎದ್ದು ಬಂದೆ. ಸೇತುವೆಯ ಹತ್ತಿರ ಬಸ್ಸು ನಿಂತಾಗ ಆಚೆ ದಡ ಕಂಡಿತು. ಯಾವುದೋ ಒಂದು ಹಂಚಿನ ಕಟ್ಟಡ. ಶಾಲೆ ಅದೇ ಇರಬಹುದೇ?

ಅಳು ಬಂತು. ಅವನ ಮೇಲೆ ಸಿಟ್ಟೂ ಬಂತು. ಎರಡರಲ್ಲಿ ಯಾವುದು ಹೆಚ್ಚೆಂದು ಹೇಳಲಾರೆ.

ಫೆಬ್ರವರಿ 24, ಸೋಮವಾರ

ಸಮಯವನ್ನು ಎರಡಕ್ಕೆ ತಿರುಗಿ ಇಡಲಿಲ್ಲ. ಸಾಹೇಬರು ಕೇಳಿದರು. ಇನ್ನೂ ಪರೀಕ್ಷೆ ನಡೀತಿದೆ ಎಂದೆ. ಅಂಕಿ ಬಂತು. ಸಂಜೆ ಗುರುತು ಹಾಕಿದೆ.

ನನ್ನ ಬಗ್ಗೆ ನನಗೇ ಅಸಹ್ಯ.

ಫೆಬ್ರವರಿ 25, ಮಂಗಳವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಅಜ್ಜಿಯ ಬೀಗ ನೋಡಿ ಬರೋಣವೆಂದು ಮೇಲೆ ಹೋದೆ. ನಿಜ ಹೇಳಬೇಕೆಂದರೆ ಕೆಳಗೆ ಕೂತು ಪರದೆ ನೋಡುವ ಧೈರ್ಯವಿರಲಿಲ್ಲ. ಟ್ಯಾಂಕಿನ ಹತ್ತಿರ ನಿಂತಿದ್ದಾಗ ಹಿಂದೆ ಯಾರೋ ಹತ್ತಿ ಬರುವ ಸದ್ದಾಯಿತು. ತಮ್ಮ. ರಜೆ ಹಾಕಿ, ಪಾಳಿಯನ್ನು ಇನ್ನೊಬ್ಬನಿಗೆ ಒಪ್ಪಿಸಿ ಬಂದಿದ್ದ. ಗುರುತು ಹಾಕುತ್ತಿರು ಎಂದು ಇನ್ನೊಮ್ಮೆ ಕೇಳಿಕೊಳ್ಳಲು ಬಂದವನು, ಮುಖ ನೋಡಿದರೆ ತಿಳಿಯುತ್ತಿತ್ತು.

"ಯಾಕಕ್ಕ ಇಲ್ಲಿ ನಿಂತಿದ್ದೀಯ?"

"ಪಾರಿವಾಳ ನೋಡ್ತಿದ್ದೆ."

ಅವನು ಸುತ್ತ ನೋಡಿದ. ಒಂದೂ ಇರಲಿಲ್ಲ. ಈಚೆಗೆ ಇರುವುದೇ ಇಲ್ಲ, ಆದರೂ ನಿಲ್ಲುತ್ತೇನೆ. ಅವನು ನನ್ನ ಚೀಲ ತೆಗೆದುಕೊಂಡ. ಉಳಿದ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿದೆವು.

ಛಾವಣಿಯ ಮೇಲೆ ಬಿಸಿಲು. ಅವನು ಮಾತು ಹೇಗೆ ತೆಗೆಯಬೇಕೆಂದು ತಿಳಿಯದೆ ತಗಡಿನ ಗೂಡನ್ನು ನೋಡುತ್ತಿದ್ದ. ಅಷ್ಟರಲ್ಲಿ ಬೆಂಕಿಕಡ್ಡಿ ಗೀರಿದ ವಾಸನೆ ಬಂತು. "ಹಾಳು ಕೊಳವೆ," ಎಂದು ಬಗ್ಗಿದೆ. ಕೊಳವೆ ಸಿಲಿಂಡರಿನಲ್ಲಿ ಇರಲಿಲ್ಲ. ಬೆಳಗ್ಗೆ ನಾನೇ ಬಿಚ್ಚಿ, ಸುತ್ತಿ, ಮೂಲೆಯಲ್ಲಿಟ್ಟಿದ್ದೆ. ಎರಡೂ ಸಿಲಿಂಡರುಗಳು ಬಂದ್ ಆಗಿದ್ದವು. ತಿರುಪು ಮುಟ್ಟಿ ನೋಡಿದೆ. ಭದ್ರವಾಗಿತ್ತು.

ವಾಸನೆ ಜಾಸ್ತಿಯಾಯಿತು. ಆ ಮುರುಕು ಕೊಳವೆಗೆ ನಾನು ಸುಮ್ಮನೆ ಸುತ್ತಿದ ಟೇಪೆಲ್ಲ ಕಣ್ಣ ಮುಂದೆ ಬಂತು.

ತಮ್ಮನಿಗೆ ಕೆಮ್ಮು ಹತ್ತಿತು. ಕಾರ್ಖಾನೆಯೊಳಗೆ ಅವನು ಮುಖವಾಡ ಹಾಕಿರುತ್ತಾನೆ. ಇಲ್ಲಿ ಏನೂ ಇರಲಿಲ್ಲ. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಮೋಟುಗೋಡೆ ಹಿಡಿದು ಬಗ್ಗಿ ನಿಂತ. ನನಗೂ ಹತ್ತಿತು, ಆದರೆ ನನಗೆ ರೂಢಿ. ಅವನ ಬೆನ್ನು ಸವರಿದೆ, ಚಿಕ್ಕವನಿದ್ದಾಗ ಸವರುತ್ತಿದ್ದ ಹಾಗೆ.

"ಕೆಳಗೆ ಹೋಗೋಣ ನಡಿಯಕ್ಕ."

"ಸ್ವಲ್ಪ ಹೊತ್ತು ಅಷ್ಟೆ ಕಣೋ. ಮೂರಕ್ಕೆ ಹೋಗ್ಬಿಡುತ್ತೆ."

ಅವನು ತಲೆಯೆತ್ತಿ ನನ್ನನ್ನೇ ನೋಡಿದ.

"ನಿನಗೆ ಹೇಗೆ ಗೊತ್ತು? ದಿನಾ ಈ ಹೊತ್ತಲ್ಲಿ ನೀನು ಇಲ್ಲೇ ಇರ್ತಿದ್ಯಾ?"

"ಇನ್ನೆಲ್ಲಿರ್ಲಿ? ಅಜ್ಜಿಗೆ ಸಿಲಿಂಡರಿನ ಗಾಳಿ ಕೊಡೋಕೆ ಯಾರಾದ್ರೂ ಇರ್ಬೇಕಲ್ಲ."

"ಯಂತ್ರ ಮುಚ್ಚಿರುತ್ತೆ ಅಂತ..." ಅವನು ಮತ್ತೆ ಕೆಮ್ಮಿದ. "ಯಂತ್ರ ಮುಚ್ಚಿರೋ ಹೊತ್ತಲ್ಲಿ ನೀನು ಕೆಳಗೆ ಊಟ ಮಾಡ್ತಿರ್ತೀಯ ಅಂದ್ಕೊಂಡಿದ್ದೆ ಅಕ್ಕ. ಯಾರೂ ಇರಲ್ಲ ಅಂದ್ಕೊಂಡಿದ್ದೆ."

ಅವನು ನನ್ನ ಕೆಲಸವೇನೆಂದು ಯಾವತ್ತೂ ಕೇಳಿರಲಿಲ್ಲ, ನಾನು ಅವನದನ್ನು ಕೇಳಿರಲಿಲ್ಲ. ಪ್ರತಿ ಭಾನುವಾರ ಎದುರುಬದುರು ಕೂತು ಉಂಡೆವು.

ಕೆಳಗೆ ಬಂದು ನನ್ನ ಮೇಜಿನ ಪಕ್ಕ ಸ್ಟೂಲಿನ ಮೇಲೆ ಕೂತ. ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ. ಸಾಹೇಬರು ಯಾರೆಂದು ಕೇಳಿದರು. ನನ್ನ ತಮ್ಮ ಎಂದೆ. ಕಚೇರಿ ಮುಚ್ಚುವ ಹೊತ್ತಿಗೆ ಪರದೆಯಲ್ಲಿ ಎರಡು ಗಂಟೆಯ ಮನೆ ತೆರೆದೆ. ಗುರುತಿನ ಗುಂಡಿಯ ಮೇಲೆ ಬೆರಳಿಟ್ಟು ಅವನ ಕಡೆ ನೋಡಿದೆ. ನಾನು ಹಾಗೆ ನೋಡಬಾರದಿತ್ತು. ಭಾರ ಅವನ ಮೇಲೆ ಹಾಕಿದ ಹಾಗಾಯಿತು.

"ಹಾಕ್ಬೇಡ," ಎಂದ. "ಹಾಗೇ ಹೋಗ್ಲಿ."

ಇವತ್ತಿನದಕ್ಕೆ ಹಾಕಲಿಲ್ಲ. ಹಿಂದಿನವನ್ನೂ ಒಂದೊಂದಾಗಿ ಬಿಡಿಸಿದೆ. ಬೂದು ಮನೆಗಳು ಕೆಂಪಾದವು. ಕೆಳಗೆ ಟಿಪ್ಪಣಿ ಬರೆದೆ: "ಯಂತ್ರ ಸರಿಯಾಗಿದೆ. ಕೊಳವೆಯೂ ಸರಿಯಾಗಿದೆ. ಹೊಗೆ ನಮ್ಮದು."

ಮಾರ್ಚ್ 6, ಗುರುವಾರ

ಜಂಟಿ ತಪಾಸಣೆಯವರು ಬಂದಿದ್ದರು, ಎರಡೂ ದಡದವರು. ನಾನು ಗುಂಪಿನಲ್ಲಿ ಮೀಸೆಯವನನ್ನು ಹುಡುಕುತ್ತಿದ್ದೆ. ಬಿಳಿ ಕೂದಲಿನ ಹೆಂಗಸೊಬ್ಬಳು ನನ್ನ ಹತ್ತಿರ ಬಂದು ಚೀಲದಿಂದ ಸುರುಳಿ ಸುತ್ತಿದ ಹೊಸ ಕೊಳವೆ ತೆಗೆದು ನನ್ನ ಕೈಗಿಟ್ಟಳು. ಇಷ್ಟು ದಿನ "ಅವನು, ಅವನು" ಎಂದು ಬೈದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಛಾವಣಿಗೆ ಹೋಗುವಾಗ ನಾನು ಟ್ಯಾಂಕಿನ ಹತ್ತಿರ ನಿಂತೆ. ಉಳಿದವರು ಮುಂದೆ ಹೋದರು. ಅವಳು ನನ್ನ ಜೊತೆಗೇ ನಿಂತಳು.

ಕಾರ್ಖಾನೆಯಲ್ಲಿ ಮ್ಯಾನೇಜರು ತನಗೇನೂ ಗೊತ್ತಿಲ್ಲವೆಂದು ಕೈತೊಳೆದುಕೊಂಡರಂತೆ. ತಮ್ಮ ಮುಂದೆ ಬಂದು, "ಕವಾಟ ತಿರುಗಿಸ್ತಿದ್ದೋನು ನಾನು. ಯಾರು ಹೇಳಿ ತಿರುಗಿಸಿದೆ ಅನ್ನೋದನ್ನೂ ಹೇಳ್ತೀನಿ," ಎಂದನಂತೆ. ಗೋಪುರ ರಿಪೇರಿಯಾಗುವವರೆಗೆ ಕುಲುಮೆ ಆರಿಸಬೇಕೆಂದು ಆದೇಶವಾಗಿದೆ. ತಮ್ಮನನ್ನು ಅಮಾನತು ಮಾಡಿದ್ದಾರೆ.

ಸಾಹೇಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅಷ್ಟರಮಟ್ಟಿಗೆ ನೆಮ್ಮದಿ.

ಮಾರ್ಚ್ 12, ಬುಧವಾರ

ತಮ್ಮ, ಅವನ ಹೆಂಡತಿ ಕ್ವಾರ್ಟರ್ಸ್ ಖಾಲಿ ಮಾಡಿ ಇಲ್ಲಿಗೆ ಬಂದರು. ಅವರ ಬೀರು ಬಾಗಿಲಲ್ಲಿ ಹಿಡಿಸದೆ ಹೊರಗೇ ನಿಂತಿದೆ. ಅಮ್ಮ ನನ್ನ ಹತ್ತಿರ ಮಾತಾಡುತ್ತಿಲ್ಲ. "ಸ್ವಂತ ತಮ್ಮನ ಅನ್ನ ಕಿತ್ಕೊಂಡ್ಯಲ್ಲೇ," ಎಂದದ್ದೇ ಕೊನೆಯ ಮಾತು. ತಮ್ಮ "ಅಮ್ಮಾ, ಸಾಕು," ಎಂದ. ಅವಳು ಎದ್ದುಹೋದಳು. ಆದರೆ ಬೆಳಗ್ಗೆ ನಾನು ಕೆಮ್ಮುವಾಗ ಬಿಸಿನೀರಿನ ಲೋಟ ಮಂಚದ ಪಕ್ಕ ಇಟ್ಟಿತ್ತು. ಮನೆಯಲ್ಲಿ ಬೇರೆ ಯಾರೂ ಎದ್ದಿರಲಿಲ್ಲ.

ಆಚೆಯವಳ ಟಿಪ್ಪಣಿ: "ಇವತ್ತು ಗಾಳಿ ನಿಮ್ಮ ಕಡೆಯಿಂದ. ಎರಡು ಗಂಟೆಗೆ ಮಕ್ಕಳು ಹೊರಗೇ ಇದ್ದರು."

ತಮ್ಮನಿಗೆ ತೋರಿಸಿದೆ. ಓದಿ ಫೋನು ತಿರುಗಿ ಕೊಟ್ಟ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಕೇಳಿ ಇಸಿದುಕೊಂಡ.

ಮಾರ್ಚ್ 20, ಗುರುವಾರ

ತಮ್ಮ ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನನಗೇನೂ ಆಗಿಲ್ಲ ಕಣೋ ಎಂದರೆ ಕೇಳಲಿಲ್ಲ. ಕೆಲಸವಿಲ್ಲದ ತಮ್ಮನಿಗೆ ಅಕ್ಕನನ್ನು ಕಾಯುವುದೇ ಕೆಲಸ.

ಡಾಕ್ಟರು ಚಿಕ್ಕ ವಯಸ್ಸಿನವಳು. ಒಂದು ಪ್ಲಾಸ್ಟಿಕ್ ನಳಿಗೆ ಕೊಟ್ಟು ಜೋರಾಗಿ ಊದಿ ಎಂದಳು. ನನಗೆ ತುಂಬಾ ಇಷ್ಟವಾಯಿತು, ಇದೂ ಒಂದು ಅಳತೆಯ ಯಂತ್ರವೇ. ಸೊನ್ನೆ ನೋಡುತ್ತೀರಾ ಎಂದು ಕೇಳಿದೆ. ಬೆಳಗ್ಗೆ ನೋಡಿದ್ದೇನೆ ಎಂದಳು. ಊದಿದೆ. ಇನ್ನೊಮ್ಮೆ ಎಂದಳು. ಮತ್ತೊಮ್ಮೆ ಎಂದಳು. ಮೂರು ಸಲವೂ ಅಂಕಿ ಹೆಚ್ಚು ಕಡಿಮೆ ಒಂದೇ ಬಂತು. ಯಂತ್ರ ಸರಿಯಾಗಿದೆ ಎಂದರ್ಥ. ಡಾಕ್ಟರ ಮುಖ ನೋಡಿದೆ. ಶಂಕಾಸ್ಪದವೆಂದು ಗುರುತು ಹಾಕುವ ಹಾಗಿರಲಿಲ್ಲ.

"ಯಾವಾಗಿನಿಂದ ಇದೆ ಈ ಕೆಮ್ಮು?" ಪೆನ್ನು ಹಿಡಿದು ಕೇಳಿದಳು.

"ಈ ಚಳಿಗಾಲದಲ್ಲಿ ಶುರುವಾಗಿರ್ಬೇಕು. ಕಡತಗಳ ಧೂಳು ಜಾಸ್ತಿ ನಮ್ಮಲ್ಲಿ. ವಯಸ್ಸೂ ಆಯ್ತು."

"ಅಲ್ಲ ಡಾಕ್ಟ್ರೇ."

ತಮ್ಮ ಬಾಗಿಲ ಹತ್ತಿರ ನಿಂತಿದ್ದ. ಗೋಡೆ ನೋಡುತ್ತ ಹೇಳಿದ.

"ಹೋದ ವರ್ಷ ಮಳೆ ನಿಂತ ವಾರದಿಂದ. ಆ ಸೋಮವಾರದಿಂದ."

ಡಾಕ್ಟರು ತಲೆಯೆತ್ತಿದಳು. "ಕೆಮ್ಮು ಇವರಿಗೆ. ನಿಮಗೆ ಹೇಗೆ ಅಷ್ಟು ಸರಿಯಾಗಿ ಗೊತ್ತು?"

ನಾನು ಮುಂದೆ ಬಗ್ಗಿ ಅವಳ ಹಾಳೆಯ ಮೇಲೆ ಬೆರಳಿಟ್ಟೆ.

"ಅವನು ಹೇಳಿದ್ದೇ ಸರಿ," ಎಂದೆ. "ಬರ್ಕೊಳ್ಳಿ."